ಎರಡನೇ ಕಿವಿ

ಹೈದರಾಬಾದಿನ ಟೆಲಿಫೋನ್ ಖಾತೆಯಲ್ಲಿ ಸೂಗಪ್ಪನ ಕಿವಿಯ ಬಗ್ಗೆ ಓಡಾಡುತ್ತಿದ್ದ ಕತೆಗಳಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದನ್ನು ಮಾತ್ರ ಇವತ್ತಿನವರೆಗೆ ಯಾರೂ ಬಿಡಿಸಿ ಹೇಳಿಲ್ಲ. ಸಿಕಂದರಾಬಾದಿನಲ್ಲಿ ತಂತಿಯ ಮೇಲೊಂದು ಗುಬ್ಬಿ ಕೂತರೆ, ಅಬಿಡ್ಸಿನ ಹಿಂದಿನ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತ ಸೂಗಪ್ಪ ಅದು ಗಂಡೋ ಹೆಣ್ಣೋ ಹೇಳುತ್ತಿದ್ದನಂತೆ. ಹಿಮಾಯತ್‌ನಗರದ ವಕೀಲರೊಬ್ಬರು ಫೋನಿನಲ್ಲಿ ಚರಚರ ಸಪ್ಪಳ ಬರುತ್ತದೆಂದು ದೂರು ಕೊಟ್ಟಾಗ, ಲೈನು ಚೊಕ್ಕ ಇದೆ, ನಿಮ್ಮ ಅಡುಗೆಮನೆಯಲ್ಲಿ ಬ್ಯಾಳಿ ತಳ ಹಿಡಿಯುತ್ತಿದೆ, ಮೊದಲು ಅದನ್ನು ಇಳಿಸಿ ಎಂದನಂತೆ. ವಕೀಲರು ಓಡಿ ಹೋಗಿ ನೋಡಿದರೆ ಬ್ಯಾಳಿ ತಳ ಹಿಡಿದಿತ್ತು. ಇದು ಸುಳ್ಳಿನ ಅರ್ಧದಲ್ಲಿ ಬರುವ ಕತೆ ಎನ್ನುವವರಿದ್ದಾರೆ. ಆದರೆ ಆ ವಕೀಲರು ಸಾಯುವವರೆಗೂ ಬ್ಯಾಳಿ ಒಲೆಯ ಮೇಲಿಟ್ಟು ಫೋನು ಮುಟ್ಟಲಿಲ್ಲ ಎಂಬುದು ಮಾತ್ರ ಖರೆ.

ಸೂಗಪ್ಪ ರಾಯಚೂರು ಜಿಲ್ಲೆಯ ಮಸ್ಕಿ ಕಡೆಯವನು. ಉರ್ದು ಶಾಲೆಯಲ್ಲಿ ಕಲಿತು, ನೌಕರಿ ಹುಡುಕಿಕೊಂಡು ಹೈದರಾಬಾದಿಗೆ ಬಂದ. ರಾಜ್ಯಗಳನ್ನು ಹಂಚಿಕೊಂಡಾಗ ಅವನ ಊರು ಆ ಕಡೆ ಹೋಯಿತು, ನೌಕರಿ ಈ ಕಡೆ ಉಳಿಯಿತು. ಊರಿಗಿಂತ ನೌಕರಿ ನಿಯತ್ತಿನದು ಎಂದು ನೌಕರಿಯ ಜೊತೆಗೇ ಉಳಿದ. ಅವನದು ಟೆಸ್ಟ್ ಡೆಸ್ಕಿನ ಕೆಲಸ. ಜನ ಫೋನು ಕೆಟ್ಟಿದೆಯೆಂದು ಹೇಳಿದಾಗ ಆ ಲೈನಿಗೆ ಕಿವಿಯಿಟ್ಟು, ಕೆಟ್ಟದ್ದು ಎಲ್ಲಿ ಎಂದು ಹೇಳುವುದು.

ಆ ಕೋಣೆಯಲ್ಲಿ ಒಂದು ರಿವಾಜು ಇತ್ತು. ಒಬ್ಬನಿಗೆ ಕೇಳಿಸಿದ ಸಪ್ಪಳಕ್ಕೆ ಬೆಲೆಯಿಲ್ಲ. ಅವನು ತನ್ನ ಹೆಡ್‌ಫೋನು ಬಿಚ್ಚಿ ಪಕ್ಕದವನಿಗೆ ಕೊಡಬೇಕು. ಇದಕ್ಕೆ 'ಎರಡನೇ ಕಿವಿ' ಎನ್ನುತ್ತಿದ್ದರು. ಎರಡನೇ ಕಿವಿಗೂ ಸಪ್ಪಳ ಕೇಳಿದರೆ ದೋಷ ಲೈನಿನದು, ಲೈನ್‌ಮನ್ ಸೈಕಲ್ ಹತ್ತುತ್ತಾನೆ. ಕೇಳದಿದ್ದರೆ ದೋಷ ಮೊದಲನೆಯವನ ಕಿವಿಯದು. ಹಾಗೆ ಮತ್ತೆ ಮತ್ತೆ ಆಯಿತೆಂದರೆ ಅವನ ಹೆಡ್‌ಫೋನನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಎಲ್ಲರಿಗೂ ಜಿಲೇಬಿ ಹಂಚಿ, ಅವನನ್ನು ಕೆಳಗಿನ ಸಾಮಾನಿನ ಕೋಣೆಗೆ ಕಳಿಸುತ್ತಿದ್ದರು. ಸಂಬಳ ಅಷ್ಟೇ, ಕುರ್ಚಿಯೂ ಅಂಥದ್ದೇ. ಆದರೆ ಜಿಲೇಬಿ ತಿಂದ ಮೇಲೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸೂಗಪ್ಪನ ಪಕ್ಕದ ಕುರ್ಚಿಯ ಗೆಳೆಯ ರಾಮಕೃಷ್ಣ ಹಾಗೆಯೇ ಕೆಳಗೆ ಹೋದವನು. ಒಂದು ದಿನ ಸೂಗಪ್ಪ ಇಳಿದು ಹೋಗಿ ನೋಡಿದರೆ ಅವನು ತಂತಿಯ ಸುರುಳಿಗಳ ನಡುವೆ ಕೂತು ನಗುತ್ತಿದ್ದ. ಚಹಾ ಕುಡಿದೆಯಾ ಎಂದರೂ ಅದೇ ನಗು, ನಿನ್ನ ತಾಯಿ ಹೇಗಿದ್ದಾರೆ ಎಂದರೂ ಅದೇ ನಗು. ಅವನ ತಾಯಿ ತೀರಿ ಒಂದು ತಿಂಗಳು ಕೂಡ ಆಗಿಲ್ಲವೆಂದು ಸೂಗಪ್ಪನಿಗೆ ಆಮೇಲೆ ತಿಳಿಯಿತು.

ಅವತ್ತು ಮನೆಗೆ ಬಂದ ಸೂಗಪ್ಪ ರೊಟ್ಟಿಯ ತಾಟು ಸರಿಸಿದ. ತನಗೆ ಏನು ಬೇಕಾದರೂ ಆಗಲಿ, ಆ ನಗು ಒಂದು ಬರಬಾರದು ಎಂದು ಹೆಂಡತಿಯ ಮುಂದೆ ಹೇಳಿದ. ಶಿವದೇವಿ ಕೇಳಿಸಿಕೊಂಡಳು.

ಶಿವದೇವಿಯ ಧ್ವನಿಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೆಣ್ಣಿನ ಮಾತು ಒಲೆಯ ಕಟ್ಟೆ ದಾಟಬಾರದು ಎಂದು ಆಕೆಯ ಅಜ್ಜಿ ಸಣ್ಣಂದಿನಲ್ಲಿ ಕಲಿಸಿದ್ದಳು. ಅಜ್ಜಿ ಕಲಿಸಿದ್ದು ಒಲೆಯ ಕಟ್ಟೆಯವರೆಗೆ, ಮೊಮ್ಮಗಳು ತುಟಿಯ ಕಟ್ಟೆಗೇ ನಿಲ್ಲಿಸಿದಳು. ಆಕೆ ಗಂಟಲು ಹರಿಯುವಂತೆ ಕೂಗಿದರೆ ತೊಡೆಯ ಮೇಲಿನ ಬೆಕ್ಕು ಒಂದು ಕಿವಿ ನಿಮಿರಿಸುತ್ತಿತ್ತು. ಆಕೆ ಬೆಂಡೆಕಾಯಿ ಕೇಳಿದರೆ ತರಕಾರಿಯವನು ಬದನೆಕಾಯಿ ತೂಗುತ್ತಿದ್ದ. ಎರಡನೇ ಸಲ ಹೇಳುವ ಸಂಕೋಚಕ್ಕೆ ಆ ಮನೆಯಲ್ಲಿ ವರ್ಷಗಟ್ಟಲೆ ಬದನೆಕಾಯಿಯೇ ಬೆಂದಿತು. ಆ ಧ್ವನಿ ಪೂರ್ತಿ ಕೇಳಿಸುತ್ತಿದ್ದ ಕಿವಿ ಹೈದರಾಬಾದಿನಲ್ಲಿ ಒಂದೇ. ಸೂಗಪ್ಪ ಸೈಕಲ್ಲು ಹತ್ತಿ ಗಲ್ಲಿಯ ತಿರುವು ದಾಟಿರುತ್ತಿದ್ದ. ಇತ್ತ ಅಡುಗೆಮನೆಯಲ್ಲಿ ಶಿವದೇವಿ ತನ್ನಷ್ಟಕ್ಕೆ, ಉಪ್ಪು ತೀರಿತಲ್ಲ, ಎನ್ನುತ್ತಿದ್ದಳು. ಸಂಜೆ ಉಪ್ಪು ಬರುತ್ತಿತ್ತು. ನೆಂಟರು ಇದನ್ನು ಪ್ರೀತಿ ಎನ್ನುತ್ತಿದ್ದರು. ಸೂಗಪ್ಪ, ಲೈನು ಚಲೋ ಐತಿ, ಎನ್ನುತ್ತಿದ್ದ. ಮಕ್ಕಳಾಗಲಿಲ್ಲ. ಮನೆಯಲ್ಲಿ ಬೇರೆ ಸಪ್ಪಳವಿಲ್ಲದ್ದರಿಂದ ಲೈನು ಇನ್ನಷ್ಟು ಚೊಕ್ಕ ಉಳಿಯಿತು.

ನಿವೃತ್ತಿಯ ದಿನ ಖಾತೆಯವರು ಹಾರ ಹಾಕಿ, ಅವನ ಹೆಡ್‌ಫೋನನ್ನು ಅವನಿಗೇ ಕೊಟ್ಟು ಕಳಿಸಿದರು. ಗೂಟ ಕಾಣದೆ ಮನೆಗೆ ಬಂದ ಹೆಡ್‌ಫೋನು ಎಂದು ಸೂಗಪ್ಪ ಅದನ್ನು ಲಿಂಗದ ಕರಡಿಗೆಯಷ್ಟೇ ಜೋಪಾನವಾಗಿ ಎತ್ತಿಟ್ಟ. ಆ ವರ್ಷವೇ ಸೀಟಿ ಶುರುವಾಯಿತು.

ಬಹಳ ಸಣ್ಣ ಸೀಟಿ. ದೂರದ ಕುಕ್ಕರು ಕೂಗಲೋ ಬೇಡವೋ ಎಂದು ಯೋಚಿಸುತ್ತಿರುವಂಥದ್ದು. ಸೂಗಪ್ಪ ಮೊದಲು ಅದನ್ನು ಟ್ಯೂಬ್‌ಲೈಟಿನ ಚೋಕಿಗೆ ಕಟ್ಟಿದ. ಚೋಕು ಬದಲಾಯಿಸಿದರೂ ಸೀಟಿ ಹೋಗಲಿಲ್ಲ. ಹಾಗಾದರೆ ಕೆಳಗಿನ ಮನೆಯದು. ಕೆಳಗಿರುವ ಮನೆಯೊಡತಿ ಗೋದಾಬಾಯಿಯ ಚೋಕೂ ಬದಲಾಯಿತು. ಆಮೇಲೆ ಎದುರಿನ ಮನೆಯದು, ಮೂಲೆಯ ಇಸ್ತ್ರಿ ಅಂಗಡಿಯದು. ಆ ವರ್ಷ ಆ ಗಲ್ಲಿಯಲ್ಲಿ ಹಳೆಯ ಚೋಕು ಉಳಿದಿದ್ದರೆ ಅದು ದೀಪವಿಲ್ಲದ ಮನೆಯಲ್ಲಿ ಮಾತ್ರ. ಕೋಠಿಯ ಚೋಕಿನ ವ್ಯಾಪಾರಿ ಅದೇ ಲಾಭದಲ್ಲಿ ಮಗಳ ಮದುವೆಯನ್ನು ಐದು ದಿನ ಮಾಡಿದ. ಸೀಟಿ ಮಾತ್ರ ನಿಲ್ಲಲಿಲ್ಲ.

ಇದರ ಬೆನ್ನಿಗೆ ಇನ್ನೊಂದು ತೊಂದರೆ. ಸಂಜೆ ಧಾರವಾಡ ಕೇಂದ್ರದ ವಾರ್ತೆ, ವಚನ ಕೇಳುವುದು ಅವನ ರೂಢಿ. ಈಗೀಗ ಧಾರವಾಡದವರು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡುತ್ತಾರೆ ಎಂದು ಅವನ ತಕರಾರು. ರೇಡಿಯೋದ ತಿರುಪು ತಿರುಗಿಸುತ್ತ ಹೋದ. ಒಂದು ಸಂಜೆ ಗೋದಾಬಾಯಿ ಮೆಟ್ಟಿಲು ಹತ್ತಿ ಬಂದಳು.

"ಸೂಗಪ್ಪನವರ, ನಿಮ್ಮ ರೇಡಿಯೋದ ವಾರ್ತೆಯಂವ ದಿನಾ ನಮ್ಮ ದೇವರ ಮನ್ಯಾಗ ಬಂದು ಕೂಡ್ಲಿಕತ್ತಾನ. ಅಂವ ಏಳೂತನಾ ನಮ್ಮ ಕೃಷ್ಣಗ ನೈವೇದ್ಯ ಇಳೀವಲ್ದು."

ಸೂಗಪ್ಪ ನಕ್ಕ. ನಕ್ಕ ಮೇಲೆ, ಆಕೆ ಹೇಳಿದ್ದರಲ್ಲಿ ಕೃಷ್ಣ ಒಬ್ಬನೇ ತನಗೆ ಕೇಳಿಸಿದ್ದು ಎಂದು ಗೊತ್ತಾಯಿತು. ಶಿವದೇವಿ ಒಳಗಿನಿಂದ ಬಂದು ಅದನ್ನೇ ಮತ್ತೊಮ್ಮೆ ಹೇಳಿದಳು, ಜೋರಾಗಿ. ಆಕೆ ಯಾವಾಗ ಜೋರಾಗಿ ಮಾತಾಡುವುದು ಕಲಿತಳು ಎಂಬುದನ್ನು ಅವನು ಗಮನಿಸಿರಲಿಲ್ಲ. ಉಪ್ಪು ಕೂಡ ಈಗ ಅದಾಗಿ ಬರುತ್ತಿರಲಿಲ್ಲ. ನೀನು ಈಚೀಚೆಗೆ ಬಾಯೊಳಗೇ ಮಾತಾಡುತ್ತೀ ಎಂದು ಅವನು ಒಂದೆರಡು ಸಲ ಸಿಡುಕಿದ್ದ. ಹುಟ್ಟಿದಾಗಿನಿಂದ ಬಾಯೊಳಗೇ ಮಾತಾಡಿದ ಹೆಂಗಸು ಆವಾಗಿನಿಂದ ಧ್ವನಿ ಏರಿಸತೊಡಗಿದ್ದಳು.

ಕಿವಿಯ ಡಾಕ್ಟರ ಹತ್ತಿರ ಹೋಗಿ ಬರುವ ಎಂದು ಶಿವದೇವಿ ಒಮ್ಮೆ ಅಂದಳು. ಕಿವಿಗೆ ಏನಾಗಿದೆ ಎಂದು ಸೂಗಪ್ಪ ಕೇಳಿದ. ದೋಷ ರೇಡಿಯೋದ್ದು. ಈ ಟ್ರಾನ್ಸಿಸ್ಟರ್ ಎಂಬುದು ಸೊಳ್ಳೆಯ ಜಾತಿ, ಗುಂಯ್‌ಗುಡದೆ ಬದುಕುವುದಿಲ್ಲ. ಹಳೆಯ ಗಾಜಿನ ವಾಲ್ವು ಹಾಗಲ್ಲ. ಅದರೊಳಗೆ ಗಾಳಿ ಕೂಡ ಇಲ್ಲ. ಗಾಳಿಯೇ ಇಲ್ಲದ ಕಡೆ ಸೀಟಿ ಊದುವವರು ಯಾರು? ವಾಲ್ವು ಹಾಕಿ ತಾನೇ ಒಂದು ಆಂಪ್ಲಿಫೈಯರ್ ಕಟ್ಟುತ್ತೇನೆ, ರೇಡಿಯೋದ ಧ್ವನಿಯನ್ನು ಅದರಿಂದ ಹಾಯಿಸಿ ಹೆಡ್‌ಫೋನಿನಲ್ಲಿ ಕೇಳುತ್ತೇನೆ, ಗೋದಾಬಾಯಿಯ ಕೃಷ್ಣನೂ ಊಟ ಮಾಡಲಿ, ಎಂದ.

ಆಗ ಜನ ವಾಲ್ವಿನ ರೇಡಿಯೋಗಳನ್ನು ಬೀದಿಗೆ ಹಾಕುತ್ತಿದ್ದ ಕಾಲ. ಗುರುವಾರದ ಜುಮ್ಮೇರಾತ್ ಬಜಾರಿನಲ್ಲಿ ಕುದುರೆ ಲಾಳ, ನವಾಬರ ಹಲ್ಲಿನ ಸೆಟ್ಟು, ಒಂಟಿ ಬೂಟುಗಳ ನಡುವೆ ವಾಲ್ವುಗಳು ಉರ್ದು ಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿರುತ್ತಿದ್ದವು. ಸೂಗಪ್ಪ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಗಾಜಿನ ನೆತ್ತಿಯಲ್ಲಿ ಕನ್ನಡಿಯ ಹೊಳಪು ಇದ್ದರೆ ಜೀವ ಇದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕು ಸತ್ತಿದೆ. ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿದು ನೋಡುವುದೂ ಇತ್ತು. ತಟ್ಟಿದ್ದು ಕೇಳಿಸದಿದ್ದರೆ, ಇದು ಶಾಂತ ಸ್ವಭಾವದ್ದು ಎಂದು ಖುಷಿಯಿಂದ ಕೊಳ್ಳುತ್ತಿದ್ದ. ಎಲ್ಲ ವಾಲ್ವುಗಳೂ ಶಾಂತ ಸ್ವಭಾವದವೇ ಸಿಕ್ಕವು.

ಪೆಟ್ಟಿಗೆಗೆ ತಗಡು ಬೇಕಿತ್ತು. ಶಿವದೇವಿ ಜೋಳದ ಹಿಟ್ಟು ನಾದುವ ಅಲ್ಯುಮಿನಿಯಂ ಪರಾತ ಕಣ್ಣಿಗೆ ಬಿತ್ತು. ತವರಿನಿಂದ ಬಂದ ಪರಾತ. ಬೋರಲು ಹಾಕಿದರೆ ಸರಿಯಾದ ಅಳತೆ. ಮೇಲೆ ವಾಲ್ವು ನಿಲ್ಲುತ್ತವೆ, ಅಡಿಯಲ್ಲಿ ತಂತಿ ಅಡಗುತ್ತವೆ. ಅವನು ಅದಕ್ಕೆ ತೂತು ಕೊರೆಯುವಾಗ ಶಿವದೇವಿ ಬಾಗಿಲಲ್ಲಿ ನಿಂತು ನೋಡಿದಳು. ಇನ್ನು ಮೇಲೆ ಹಿಟ್ಟು ಎಲ್ಲಿ ನಾದಲಿ ಎಂದು ಕೇಳಿದಳು. ಅವನಿಗೆ ಅದು ಕೇಳಿಸಲಿಲ್ಲ, ಡ್ರಿಲ್ಲಿನ ಸಪ್ಪಳ ಎಂದುಕೊಂಡ. ಡ್ರಿಲ್ಲು ಕೈಯಿಂದ ತಿರುಗಿಸುವಂಥದ್ದು.

ಹೆಡ್‌ಫೋನಿಗೆ ಹೊಂದುವ ಟ್ರಾನ್ಸ್‌ಫಾರ್ಮರ್ ಪೇಟೆಯಲ್ಲಿ ಸಿಗಲಿಲ್ಲ, ಮನೆಯಲ್ಲೇ ಸುತ್ತಬೇಕಾಯಿತು. ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಒಂದು ಸುತ್ತು ತಪ್ಪಿದರೂ ಬಿಚ್ಚಬೇಕು. ಸೂಗಪ್ಪ ತಿರುಗಿಸುವುದು, ಶಿವದೇವಿ ಎಣಿಸುವುದು ಎಂದು ಮಾತಾಯಿತು. ಅವಳು ಸಾಕು ಎಂದ ಮೇಲೂ ಅವನು ತಿರುಗಿಸುತ್ತಲೇ ಹೋದ. ಬಿಚ್ಚಿದರು. ಮತ್ತೆ ಸುತ್ತಿದಾಗಲೂ ಹಾಗೆಯೇ ಆಯಿತು. ಮೂರನೇ ಸಲಕ್ಕೆ ಶಿವದೇವಿ ಅಡುಗೆಮನೆಯಿಂದ ತಾಟು, ಪಲ್ಯ ತಿರುವುವ ಹುಟ್ಟು ತಂದಳು. ಎಣಿಕೆ ತುಂಬಿದಾಗ ಹುಟ್ಟಿನಿಂದ ತಾಟಿಗೆ ಒಂದು ಬಡಿದಳು. ಕೆಳಗೆ ಗೋದಾಬಾಯಿ, ಯಾರ ಮನೆಯಲ್ಲಿ ಆರತಿ ಎಂದು ಎದ್ದು ಕೂತಳಂತೆ. ಸೂಗಪ್ಪ ನಿಲ್ಲಿಸಿದ. ಹೀಗೆ ಆ ಟ್ರಾನ್ಸ್‌ಫಾರ್ಮರ್ ತಾಟಿನ ಪೆಟ್ಟಿನ ಮೇಲೆ ಹುಟ್ಟಿತು.

ಮಳೆಗಾಲ ಕಳೆದು ಮೊದಲ ಆಂಪ್ಲಿಫೈಯರ್ ಸಿದ್ಧವಾಯಿತು. ಪರಾತದ ಬೆನ್ನ ಮೇಲೆ ಒಂದು ಸಣ್ಣ ವಾಲ್ವು, ಒಂದು ದೊಡ್ಡದು, ಹಿಂದೆ ಎರಡು ಟ್ರಾನ್ಸ್‌ಫಾರ್ಮರ್. ದೂರದಿಂದ ನೋಡಿದರೆ ಶಿವಲಿಂಗದ ಪಕ್ಕ ಮರಿ ಲಿಂಗ, ಹಿಂದೆ ಜೋಡಿ ನಂದಿ. ಸ್ವಿಚ್ಚು ಹಾಕಿದ. ವಾಲ್ವಿನ ಹೊಟ್ಟೆ ಕೆಂಡದಂತೆ ಕೆಂಪಾಯಿತು. ಹೆಡ್‌ಫೋನು ಹಾಕಿಕೊಂಡ. ಮೊದಲು ಕರೆಂಟಿನ ಗುಂಯ್ ಇತ್ತು. ಕೆಂಡ ಹೊತ್ತಿಸುವ ತಂತಿಗಳನ್ನು ಜಡೆಯಂತೆ ಹೆಣೆದು ಮೂಲೆಗೆ ಸರಿಸಿದ ಮೇಲೆ ಅದು ಹೋಯಿತು. ಭೂಮಿಗಿಳಿಸುವ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತಂದ ಮೇಲೆ ಉಳಿದ ಚರಚರವೂ ಹೋಯಿತು. ಎಲ್ಲ ಹೋದ ಮೇಲೆ, ಮುಸುರೆ ತೊಳೆದ ಪಾತ್ರೆಯ ತಳದಲ್ಲಿ ಕಾಣುವ ಗೀರಿನಂತೆ, ಸೀಟಿ ಉಳಿಯಿತು. ಹೆಡ್‌ಫೋನು ಹೊರಗಿನ ಸಪ್ಪಳವನ್ನೆಲ್ಲ ಮುಚ್ಚಿದ್ದರಿಂದ ಈಗ ಅದು ಇನ್ನೂ ನಿಚ್ಚಳವಾಗಿತ್ತು.

ಸೂಗಪ್ಪನಿಗೆ ಟೆಸ್ಟ್ ಡೆಸ್ಕಿನ ಕೋಣೆಯ ರಿವಾಜು ನೆನಪಾಯಿತು. ಹೆಡ್‌ಫೋನು ಬಿಚ್ಚಿ ಹೆಂಡತಿಯ ಕಡೆ ಚಾಚಿದ.

"ಎರಡನೇ ಕಿವಿ ಆಗು," ಅಂದ. "ಸೀಟಿ ಐತೋ ಇಲ್ಲೋ, ಖರೆ ಹೇಳು."

ಶಿವದೇವಿ ಸೆರಗಿಗೆ ಕೈ ಒರೆಸಿಕೊಂಡು, ತುರುಬಿನ ಮೇಲೆ ಹೆಡ್‌ಫೋನು ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಸೂಗಪ್ಪ ಆಕೆಯ ಮುಖವನ್ನೇ ನೋಡುತ್ತಿದ್ದ. ಜಿಲೇಬಿಯ ವಾಸನೆ ಮೂಗಿಗೆ ಬಂದಂತಾಯಿತು. ಆಕೆ ಕಣ್ಣು ತೆರೆದು ಅವನನ್ನು ನೋಡಿದಳು. ಮತ್ತೆ ಮುಚ್ಚಿದಳು.

"ಐತ್ರಿ," ಅಂದಳು, ಜೋರಾಗಿ. "ಸಣ್ಣಗ ಐತಿ. ಸೀಟಿ ಊದಿದಂಗ."

ಸೂಗಪ್ಪನ ಮೈಯಿಂದ ಮೂಟೆಯೊಂದು ಇಳಿದಂತಾಯಿತು. ಐತಲ್ಲ, ಐತಲ್ಲ ಎಂದು ಮನೆಯೆಲ್ಲ ತಿರುಗಿದ. ಸೀಟಿ ಇದೆ ಎಂದು ಇಷ್ಟು ಸಂಭ್ರಮಪಟ್ಟ ಮನುಷ್ಯ ರೈಲ್ವೆ ಗಾರ್ಡುಗಳಲ್ಲೂ ಇರಲಾರ. ದೋಷ ಯಂತ್ರದ್ದು. ಯಂತ್ರವನ್ನು ಬಿಚ್ಚಬಹುದು, ಕಟ್ಟಬಹುದು.

ಬಿಚ್ಚಿದ, ಕಟ್ಟಿದ. ವಾಲ್ವು ಬದಲಾಯಿಸಿದ, ಟ್ರಾನ್ಸ್‌ಫಾರ್ಮರನ್ನು ಮೇಣದಲ್ಲಿ ಕುದಿಸಿದ, ಹೊಸ ಪರಾತ ತಂದ. ಆ ಮನೆಯಲ್ಲಿ ರೊಟ್ಟಿಗಿಂತ ಪರಾತಗಳೇ ಹೆಚ್ಚು ಸುಟ್ಟುಹೋದವು. ಪ್ರತಿ ಸಲವೂ ಎರಡನೇ ಕಿವಿಗೆ ಕರೆ ಹೋಗುತ್ತಿತ್ತು. ಶಿವದೇವಿ ಒಲೆ ಸಣ್ಣ ಮಾಡಿ ಬಂದು, ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ಈ ಸಲ ಸ್ವಲ್ಪ ಕಡಿಮೆ ಆಗಿದೆ ಎಂದೋ, ಹೋದ ಸಲದಷ್ಟೇ ಇದೆ ಎಂದೋ ಹೇಳುತ್ತಿದ್ದಳು. ಹೀಗೆ ಚಳಿಗಾಲಗಳು ಹೋದವು, ಬೇಸಿಗೆಗಳು ಹೋದವು. ಧಾರವಾಡದ ವಾರ್ತೆಯ ಮಾತು ಮನೆಯಲ್ಲಿ ನಿಂತೇ ಹೋಗಿತ್ತು.

ಶಿವದೇವಿಯ ತಮ್ಮ ಅಮೃತಪ್ಪ ಸಿಕಂದರಾಬಾದಿನಲ್ಲಿ ಬಟ್ಟೆಯ ವ್ಯಾಪಾರಿ. ಹಬ್ಬಕ್ಕೆ ಬಂದಾಗಲೆಲ್ಲ ಭಾವನನ್ನು ಕೆಣಕುತ್ತಿದ್ದ. ಮಾಮಾ, ಈ ಪರಾತದೊಳಗ ಏನು ಬೇಯಾಕತ್ತೈತಿ, ನಮಗೂ ಒಂದು ತುತ್ತು ಹಾಕ್ರಿ, ಎನ್ನುವನು. ನನಗೂ ಒಮ್ಮೆ ಹೆಡ್‌ಫೋನು ಕೊಡಿ ಎಂದರೆ ಸೂಗಪ್ಪ ಕೊಡುತ್ತಿರಲಿಲ್ಲ. ನಿನ್ನದು ವ್ಯಾಪಾರದ ಕಿವಿ, ಬಟ್ಟೆ ಹರಿಯುವ ಸಪ್ಪಳ ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎಂದು ಹೇಳಿ ಯಂತ್ರದ ಮೇಲೆ ಟವೆಲ್ಲು ಮುಚ್ಚುತ್ತಿದ್ದ. ಶಿವದೇವಿಯೂ ಆಗ ತಮ್ಮನನ್ನು ಊಟಕ್ಕೆ ಎಬ್ಬಿಸುತ್ತಿದ್ದಳು.

ಕೊನೆಗೆ ಒಂದು ಆಂಪ್ಲಿಫೈಯರ್ ಬಂತು, ಸೂಗಪ್ಪ ಕಟ್ಟಿದ್ದರಲ್ಲೇ ಎಲ್ಲಕ್ಕಿಂತ ಚೊಕ್ಕ. ಒಂದು ಬೆಸುಗೆಯಲ್ಲೂ ಹೆಸರಿಡುವ ಹಾಗಿರಲಿಲ್ಲ. ರೇಡಿಯೋದಿಂದಲೇ ಸೀಟಿ ಬರುತ್ತಿರಬಹುದು, ರೇಡಿಯೋ ಬಿಟ್ಟು ಬೇರೆ ಧ್ವನಿ ಕೊಟ್ಟು ನೋಡಬೇಕು ಎಂದು ಯೋಚಿಸಿದ. ಹಳೆಯ ಟೆಲಿಫೋನಿನ ಮಾತಾಡುವ ಬಿಲ್ಲೆಯೊಂದು ಅವನ ಪೆಟ್ಟಿಗೆಯಲ್ಲಿತ್ತು, ಒಳಗೆ ಇದ್ದಿಲ ಪುಡಿ ತುಂಬಿದಂಥದ್ದು. ಅದಕ್ಕೆ ಟಾರ್ಚಿನ ಸೆಲ್ಲು ಜೋಡಿಸಿ, ಉದ್ದ ತಂತಿ ಎಳೆದು, ಅಡುಗೆಮನೆಯ ಗೋಡೆಯಲ್ಲಿ ಸೌಟುಗಳ ಸಾಲಿನ ಮೊಳೆಗೆ ನೇತುಹಾಕಿದ. ಅಡುಗೆಮನೆಯಲ್ಲಿ ಸಪ್ಪಳಕ್ಕೆ ಬರವಿಲ್ಲ. ಅದು ಯಾಕೆಂದು ಶಿವದೇವಿಗೆ ಬಿಡಿಸಿ ಹೇಳುವ ಗೊಡವೆಗೆ ಹೋಗಲಿಲ್ಲ. ಆ ಮನೆಯಲ್ಲಿ ತಂತಿ ನೇತಾಡದ ಮೊಳೆಯೇ ಇರಲಿಲ್ಲ.

ಬೇಸಿಗೆಯ ಮಧ್ಯಾಹ್ನ. ಗೋದಾಬಾಯಿ ಶೇಂಗಾ ಸುಲಿಯಲು ಮೇಲೆ ಬಂದು ಶಿವದೇವಿಯ ಜೊತೆ ಅಡುಗೆಮನೆಯಲ್ಲಿ ಕೂತಿದ್ದಳು. ಪಡಸಾಲೆಯಲ್ಲಿ ಸೂಗಪ್ಪ ಹೆಡ್‌ಫೋನು ಹಾಕಿ ತಿರುಪು ನಿಧಾನಕ್ಕೆ ತಿರುಗಿಸಿದ.

ಮೊದಲು ಶೇಂಗಾ ಸಿಪ್ಪೆ ಒಡೆಯುವುದು ಕೇಳಿಸಿತು. ಆಮೇಲೆ ಬಳೆ. ನಲ್ಲಿಯಿಂದ ಒಂದು ಹನಿ ಬಿತ್ತು. ಅದು ತಾಮ್ರದ ಕೊಡಕ್ಕೆ ಬಿದ್ದದ್ದು, ಕೊಡ ಅರ್ಧ ತುಂಬಿದೆ ಎಂಬುದೂ ತಿಳಿಯಿತು. ಸೂಗಪ್ಪ ಕೂತಲ್ಲೇ ನೆಟ್ಟಗಾದ. ಕಳೆದುಹೋದ ಗುಬ್ಬಿಗಳೆಲ್ಲ ಗಂಡು ಹೆಣ್ಣು ಸಮೇತ ತಂತಿಯ ಮೇಲೆ ಬಂದು ಕೂತ ಹಾಗಾಯಿತು. ಸೀಟಿ ಅಲ್ಲೇ ಇತ್ತು. ಆದರೆ ಅದರ ಹಿಂದಿನಿಂದ, ಪರದೆಯಾಚೆಯ ದೀಪದಂತೆ, ಶಿವದೇವಿಯ ಧ್ವನಿ ಬಂತು. ಜೋರಿನದಲ್ಲ. ಹಳೆಯದು, ತುಟಿಯ ಕಟ್ಟೆಯದು. ಆ ಧ್ವನಿ ಕೇಳಿ ಎಷ್ಟು ಕಾಲವಾಯಿತೆಂದು ಅವನಿಗೆ ಆಗ ಗೊತ್ತಾಯಿತು. ಏನು ಹೇಳುತ್ತಿದ್ದಾಳೆ ಎಂಬುದರ ಕಡೆಗೆ ಮೊದಲು ಲಕ್ಷ್ಯವೇ ಹೋಗಲಿಲ್ಲ; ಅಕ್ಷರಗಳ ಅಂಚು ಒಂದೊಂದಾಗಿ ಮುಟ್ಟಿ ನೋಡುತ್ತ ಕೂತ.

ಗೋದಾಬಾಯಿ ಏನೋ ಕೇಳಿದಳು. ಬಿಲ್ಲೆಗೆ ಬೆನ್ನು ಮಾಡಿದ್ದಳೇನೋ, ಡಾಕ್ಟರು ಎಂಬ ಒಂದು ಮಾತು ಮಾತ್ರ ಸಿಕ್ಕಿತು. ಶಿವದೇವಿಯ ಉತ್ತರ ಪೂರ್ತಿ ಸಿಕ್ಕಿತು.

"ಆ ಸೀಟಿ ನನಗ ಒಂದು ದಿನಾನೂ ಕೇಳಿಸಿಲ್ಲ, ಅಕ್ಕಾರ. ಇಲ್ಲ ಅಂದ್ರ ಕಿವಿ ಹೋತು ಅಂತಾರ, ಅವತ್ತೇ ಕುಂತುಬಿಡ್ತಾರ. ಐತಿ ಅಂದ್ರ ಅದು ಪರಾತದ್ದು ಆಗಿ ಉಳೀತೈತಿ. ಉಳೀಲಿ ಬಿಡ್ರಿ." ಶೇಂಗಾ ಒಂದು ಒಡೆಯಿತು. "ನಾ ಒದರಿ ಒದರಿ ಮಾತಾಡೂದು ಕಲ್ತೀನಿ. ನನ್ನ ಧ್ವನಿ ನನಗ ಮಂದಿ ಧ್ವನಿ ಅನಸ್ತೈತಿ. ಆದ್ರ ಆ ರಾಮಕೃಷ್ಣನಂಗ ಅವರು ನಗೂದು ನನಗ ನೋಡೂಕ ಆಗೂದಿಲ್ಲ."

ಸೂಗಪ್ಪ ತಿರುಪಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಶೇಂಗಾ ಒಡೆಯುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ಸ್ವಿಚ್ಚು ತೆಗೆದ. ವಾಲ್ವಿನ ಕೆಂಪು ಆರಿತು, ಗಾಜು ತಣ್ಣಗಾಯಿತು. ಹೆಡ್‌ಫೋನು ಕಿವಿಯ ಮೇಲೆಯೇ ಇತ್ತು. ಟೆಸ್ಟ್ ಡೆಸ್ಕಿನ ಮನುಷ್ಯ, ಪರೀಕ್ಷೆಯನ್ನು ಅರ್ಧಕ್ಕೆ ಬಿಡುವವನಲ್ಲ. ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದೆಂದು ಸ್ಕ್ರೂಡ್ರೈವರಿನಿಂದ ಅದರ ಎರಡು ಕಾಲು ಕೂಡಿಸಿದ. ಟಪ್ಪೆಂದು ಒಂದು ಕಿಡಿ ಹಾರಿತು. ಎರಡನೇ ಸಲ ಕೂಡಿಸಿದಾಗ ಕಿಡಿ ಇಲ್ಲ. ಯಂತ್ರ ಪೂರ್ತಿ ಸತ್ತಿತ್ತು. ಸೀಟಿ ಹಾಗೆಯೇ ಇತ್ತು.

ಗೋದಾಬಾಯಿ ಕೆಳಗೆ ಹೋದ ಮೇಲೆ ಸೂಗಪ್ಪ ಮತ್ತೆ ಸ್ವಿಚ್ಚು ಹಾಕಿ, ಯಾವಾಗಿನಂತೆ ಹೆಂಡತಿಯನ್ನು ಕರೆದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು, ಹೆಡ್‌ಫೋನು ಹಾಕಿಕೊಂಡಳು, ಕಣ್ಣು ಮುಚ್ಚಿದಳು.

"ಐತ್ರಿ," ಅಂದಳು ಜೋರಾಗಿ. "ಆದ್ರ ಭಾಳ ಕಡಿಮಿ ಆಗೇತಿ."

"ಹೌದು," ಅಂದ ಸೂಗಪ್ಪ. "ನನಗೂ ಕಡಿಮಿ ಅನಸ್ತು. ಮುಂದಿನ ಸಲ ಹೋಗ್ತೈತಿ."

ಆ ಮುಂದಿನ ಸಲಕ್ಕೆ ಅವನು ಅವಸರ ಮಾಡಲಿಲ್ಲ. ಯಂತ್ರ ಬಿಚ್ಚುವುದು ನಿಂತಿತು. ದಿನಾಲು ಒಲೆ ಹೊತ್ತುವ ಹೊತ್ತಿಗೆ ಪಡಸಾಲೆಯಲ್ಲಿ ಪರೀಕ್ಷೆಗೆ ಕೂರುತ್ತಿದ್ದ. ಶಿವದೇವಿ ಹಿಟ್ಟಿನ ಜೊತೆ, ಬೆಕ್ಕಿನ ಜೊತೆ, ತನ್ನ ಜೊತೆ ಮಾತಾಡುವುದನ್ನೆಲ್ಲ ಕೇಳುತ್ತಿದ್ದ. ಬಿಸಿ ಹೆಂಚಿಗೆ ಕೈ ತಾಗಿದರೆ ಆಕೆ ಅವ್ವನನ್ನು ಕರೆಯುತ್ತಾಳೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಆ ಮನೆಯಲ್ಲಿ ಮತ್ತೆ ಹೇಳದೆಯೇ ಉಪ್ಪು ಬರತೊಡಗಿತು. ಮೊದಲ ಸಲ ಉಪ್ಪಿನ ಪೊಟ್ಟಣ ಕೈಗೆ ಕೊಟ್ಟಾಗ ಶಿವದೇವಿ ಪೊಟ್ಟಣ ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗಿ ಡಬ್ಬಿಗೆ ಸುರಿದಳು. ಕೆಲವು ದಿನಗಳ ಮೇಲೆ ಅವನು ನೀರು ಕುಡಿಯಲು ಒಳಗೆ ಹೋದಾಗ ಬಿಲ್ಲೆಯ ಮೇಲೆ ಕೂತಿದ್ದ ಹೊಗೆಯ ಮಸಿಯನ್ನು ಯಾರೋ ಒರೆಸಿದ್ದು ಕಾಣಿಸಿತು. ಮೊಳೆಯೂ ಗೇಣು ಕೆಳಗೆ ಇಳಿದು, ಆಕೆ ಕೂತು ರೊಟ್ಟಿ ಬಡಿಯುವ ಜಾಗದ ಹತ್ತಿರ ಬಂದಿತ್ತು. ಅವನು ನೀರು ಕುಡಿದು, ಪಡಸಾಲೆಗೆ ಬಂದು ಹೆಡ್‌ಫೋನು ಹಾಕಿಕೊಂಡ. ವಾರಕ್ಕೊಮ್ಮೆ ಎರಡನೇ ಕಿವಿಗೆ ಕರೆ ಹೋಗುವುದು ಮಾತ್ರ ತಪ್ಪಲಿಲ್ಲ, ಕಡಿಮೆ ಆಗಿದೆ ಎಂಬ ಉತ್ತರವೂ ತಪ್ಪಲಿಲ್ಲ. ಸೀಟಿ ಅಷ್ಟು ಸಲ ಕಡಿಮೆಯಾಗಿದ್ದರೆ ಹೈದರಾಬಾದಿನ ಅಷ್ಟೂ ಗದ್ದಲ ಅದರ ಜೊತೆ ಇಳಿದು, ಊರು ಮಸಣದಂತೆ ತಣ್ಣಗಾಗಬೇಕಿತ್ತು.

ಮುಂದಿನ ಮಳೆಗಾಲದಲ್ಲಿ ಶಿವದೇವಿಗೆ ಜ್ವರ ಬಂತು. ಬಂದದ್ದು ಎದೆಗಿಳಿಯಿತು. ದವಾಖಾನೆಯ ಮಂಚದ ಮೇಲೆ ಆಕೆಗೆ ಜೋರಾಗಿ ಮಾತಾಡುವ ಶಕ್ತಿ ಉಳಿಯಲಿಲ್ಲ. ಕೊನೆಯ ಮಧ್ಯಾಹ್ನ ಅವನ ಕೈ ಹಿಡಿದು ಏನೋ ಹೇಳಿದಳು. ತುಟಿ ಬಹಳ ಹೊತ್ತು ಆಡಿದವು. ಅಷ್ಟು ಉದ್ದದ ಮಾತನ್ನು ಆಕೆ ಜನ್ಮದಲ್ಲಿ ಆಡಿರಲಿಲ್ಲ. ಸೂಗಪ್ಪನಿಗೆ ಸೀಟಿ ಕೇಳಿಸಿತು. ಮಂಚದ ಆಚೆ ನಿಂತಿದ್ದ ಅಮೃತಪ್ಪನ ಕಡೆ ನೋಡಿದ. ಅವನು ಬಗ್ಗಿ ಕಿವಿಯಿಟ್ಟು, ಸಿಗಲಿಲ್ಲವೆಂದು ತಲೆಯಾಡಿಸಿದ. ಆಕೆಯ ಧ್ವನಿ ಕೇಳುವ ಕಿವಿ ಜಗತ್ತಿನಲ್ಲಿ ಒಂದೇ ಇತ್ತು. ಅದು ಮನೆಯಲ್ಲಿ ಪರಾತದ ಮೇಲೆ ಟವೆಲ್ಲು ಹೊದ್ದು ಕೂತಿತ್ತು.

ಶಿವದೇವಿ ಮಾತು ನಿಲ್ಲಿಸಿ, ಅವನ ಮುಖ ನೋಡುತ್ತ ಕಾಯ್ದಳು.

"ಹೂಂ," ಅಂದ ಸೂಗಪ್ಪ. "ಕೇಳಿಸ್ತು."

ಆಕೆ ಕಣ್ಣು ಮುಚ್ಚಿದಳು, ಹೆಡ್‌ಫೋನು ಹಾಕಿಕೊಂಡಾಗ ಮುಚ್ಚುತ್ತಿದ್ದ ಹಾಗೆಯೇ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮೃತಪ್ಪ ಒಂದು ದಿನ ಹೆಚ್ಚು ಉಳಿದ. ಭಾವನನ್ನು ಸಿಕಂದರಾಬಾದಿಗೆ ಕರೆದುಕೊಂಡು ಹೋಗುವ ಮಾತು ತೆಗೆದ. ಒದರಿ ಹೇಳಿದ, ಕೈಸನ್ನೆಯಲ್ಲಿ ಹೇಳಿದ. ಸೂಗಪ್ಪ ಎಲ್ಲದಕ್ಕೂ ನಗುತ್ತಿದ್ದ. ಕೊನೆಗೆ ಮಾತು ಸಾಕಾಗಿ ಅಮೃತಪ್ಪ ಪರಾತದ ಮೇಲಿನ ಟವೆಲ್ಲಿನ ಕಡೆ ಕೈ ತೋರಿಸಿದ. ಈ ಸಲ ಸೂಗಪ್ಪ ತಡೆಯಲಿಲ್ಲ. ಟವೆಲ್ಲು ತೆಗೆದು, ಸ್ವಿಚ್ಚು ಹಾಕಿ, ವಾಲ್ವು ಕೆಂಪಾಗುವವರೆಗೆ ಕಾಯ್ದು, ಹೆಡ್‌ಫೋನನ್ನು ತಾನೇ ಭಾವಮೈದುನನ ತಲೆಗೆ ಹಾಕಿದ.

ಸೀಟಿ ಐತೇನು ನೋಡು, ಅಂದ.

ಅಮೃತಪ್ಪ ಶ್ರದ್ಧೆಯಿಂದಲೇ ಕೇಳಿದ. ತಂತಿಯ ಆ ತುದಿಯಲ್ಲಿ ಒಲೆ ಹೊತ್ತಿಸದ ಅಡುಗೆಮನೆ ಇತ್ತು. ನಲ್ಲಿಯಿಂದ ಒಂದು ಹನಿ ಬಿದ್ದಿರಬೇಕು, ಅವನು ತಲೆ ಸ್ವಲ್ಪ ಎತ್ತಿದ. ಆಮೇಲೆ ಹೆಡ್‌ಫೋನು ಬಿಚ್ಚಿ, ಭಾವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ.

"ಏನೂ ಇಲ್ಲ, ಮಾಮಾ. ಭಾಳ ಚೊಕ್ಕ ಐತಿ. ಸೀಟಿ ಗೀಟಿ ಏನೂ ಇಲ್ಲ."

ಸೂಗಪ್ಪ ಹೆಡ್‌ಫೋನು ವಾಪಸು ಇಸಿದುಕೊಂಡ. ಗೋಡೆಯಲ್ಲಿ ತಂತಿ ಕಳಚಿ ಖಾಲಿಯಾದ ಮೊಳೆಯೊಂದಿತ್ತು, ಎಕ್ಸ್‌ಚೇಂಜಿನ ಗೂಟದಂತೆ; ಅದರ ಕಡೆ ಒಮ್ಮೆ ನೋಡಿದ. ಧೋತರದ ಅಂಚಿನಿಂದ ಹೆಡ್‌ಫೋನಿನ ಎರಡೂ ಬಿಲ್ಲೆ ಒರೆಸಿ, ತನ್ನ ಕಿವಿಗೆ ಹಾಕಿಕೊಂಡು, ತಿರುಪನ್ನು ಒಂದಿಷ್ಟು ಹಿಂದೆ ಮುಂದೆ ಮಾಡಿದ.

"ನಿನಗ ತಿಳಿಯೂದಿಲ್ಲ ಬಿಡು, ಅಮೃತಪ್ಪ," ಅಂದ. "ನಿಮ್ಮ ಅಕ್ಕಗ ಕೇಳಸ್ತಿತ್ತು."